ಸೆರೆಮನೆಯಲ್ಲೂ ಬಾಡದ ಭರವಸೆ: ಕಾರ್ಡಿನಲ್ ವಾನ್ ಥುವಾನ್

ಕಷ್ಟಕಾಲದಲ್ಲಿ ಕ್ರೈಸ್ತ ಭರವಸೆ ಹೇಗೆ ಉಳಿಯುತ್ತದೆ ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಸಾಕ್ಷಿ ವಿಯೆಟ್ನಾಮಿನ ಕಾರ್ಡಿನಲ್ ಫ್ರಾನ್ಸಿಸ್ ಕ್ಸೇವಿಯರ್ ವಾನ್ ಥುವಾನ್. 1928ರಲ್ಲಿ ಜನಿಸಿದ ಇವರು 1953ರಲ್ಲಿ ಗುರುದೀಕ್ಷೆ ಪಡೆದು, 1967ರಲ್ಲಿ ನ್ಹಾ ಟ್ರಾಂಗ್ ಧರ್ಮಪ್ರಾಂತ್ಯದ ಬಿಷಪರಾದರು. 1975ರ ಎಪ್ರಿಲ್ 24ರಂದು ಪೋಪ್ 6ನೇ ಪೌಲರು ಇವರನ್ನು ಸೈಗಾನ್ ಮಹಾಧರ್ಮಪ್ರಾಂತ್ಯದ ಉತ್ತರಾಧಿಕಾರಿಯನ್ನಾಗಿ ನೇಮಿಸಿದರು. ಆರೇ ದಿನಗಳಲ್ಲಿ ಸೈಗಾನ್ ಕಮ್ಯುನಿಸ್ಟರ ವಶವಾಯಿತು. ಆಗಸ್ಟ್ 15, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದೇ ಇವರ ಬಂಧನವಾಯಿತು. ವಿಚಾರಣೆ ಇಲ್ಲ, ತೀರ್ಪು ಇಲ್ಲ. ಹದಿಮೂರು ವರ್ಷಗಳ ಸೆರೆವಾಸ, ಅದರಲ್ಲಿ ಒಂಬತ್ತು ವರ್ಷ ಒಂಟಿಯಾಗಿ.

ಮೊದಲ ತಿಂಗಳುಗಳಲ್ಲಿ ಅವರನ್ನು ಕಾಡಿದ್ದು ಹಸಿವಲ್ಲ, ತನ್ನ ಜನರನ್ನು ಬಿಟ್ಟು ಬಂದ ಸಂಕಟ. ವಯಸ್ಸು 47, ಕೆಲಸ ಮಾಡುವ ಹುರುಪಿನ ಕಾಲ. ಆರಂಭಿಸಿದ ಯೋಜನೆಗಳೆಲ್ಲ ಅರ್ಧಕ್ಕೇ ನಿಂತವು. ನಿದ್ದೆಯಿಲ್ಲದ ಒಂದು ರಾತ್ರಿ ಅವರಿಗೆ ಹೊಳೆಯಿತು: ಆ ಕೆಲಸಗಳೆಲ್ಲ ದೇವರ ಕೆಲಸಗಳು, ಆದರೆ ಅವೇ ದೇವರಲ್ಲ. ಅವುಗಳನ್ನು ದೇವರು ಬೇರೆಯವರ ಕೈಗೆ ಒಪ್ಪಿಸಬಲ್ಲರು. ಚರ್ಚಿನ ಸೇವೆಯಲ್ಲಿ ದುಡಿದು, ವರ್ಗಾವಣೆಯೋ ಕಾಯಿಲೆಯೋ ಬಂದು ದೂರ ಸರಿಯಬೇಕಾದವರಿಗೆ ಈ ಮಾತು ಎಷ್ಟು ಕಠಿಣ, ಎಷ್ಟು ಸಾಂತ್ವನದ್ದು ಎಂದು ಬೇಗ ತಿಳಿದೀತು.

ಬಿಡುಗಡೆಗಾಗಿ ಕಾಯುತ್ತಾ ಕೂರದೆ, ಸಿಕ್ಕ ದಿನವನ್ನು ಪ್ರೀತಿಯಿಂದ ತುಂಬಿಸುವ ನಿರ್ಧಾರ ಅವರದು. ಏಳು ವರ್ಷದ ಹುಡುಗನೊಬ್ಬ ತಂದುಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ತನ್ನ ಜನರಿಗೆ ಕಿರು ಸಂದೇಶಗಳನ್ನು ಬರೆದರು. ಹುಡುಗ ಅವನ್ನು ಮನೆಗೆ ಒಯ್ದ, ಮನೆಯವರು ನಕಲು ಮಾಡಿ ಹಂಚಿದರು. 1001 ಚಿಂತನೆಗಳ ಆ ಬರಹ ಮುಂದೆ ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋಯಿತು. ಹೊಟ್ಟೆನೋವಿಗೆ ಔಷಧಿ ಬೇಕೆಂದು ಪತ್ರ ಬರೆದಾಗ ಭಕ್ತರಿಗೆ ಅರ್ಥವಾಯಿತು! ಔಷಧಿಯ ಹೆಸರಿನ ಪುಟ್ಟ ಬಾಟಲಿಯಲ್ಲಿ ದ್ರಾಕ್ಷಾರಸ, ಟಾರ್ಚಿನೊಳಗೆ ಅಪ್ಪ ಬಂದವು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು, ಅಷ್ಟರಲ್ಲೇ ಬಲಿಪೂಜೆ. ಶಿಬಿರದಲ್ಲಿ ಸಿಗರೇಟು ಪ್ಯಾಕಿನ ಕಾಗದದಲ್ಲಿ ಪರಮಪ್ರಸಾದವನ್ನು ಸುತ್ತಿ ಜೊತೆಗಾರ ಕೈದಿಗಳಿಗೆ ತಲುಪಿಸುತ್ತಿದ್ದರು.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಕಾವಲುಗಾರರ ವಿಷಯ. ಆರಂಭದಲ್ಲಿ ಅವರು ಹೌದು, ಇಲ್ಲ ಬಿಟ್ಟರೆ ಮಾತನಾಡುತ್ತಿರಲಿಲ್ಲ. ವಾನ್ ಥುವಾನ್ ತಾವು ಕಂಡ ದೇಶಗಳ ಕತೆ ಹೇಳಿದರು, ಭಾಷೆಗಳನ್ನು ಕಲಿಸಿದರು. ಬಿಷಪರ ಪ್ರಭಾವಕ್ಕೆ ಒಳಗಾಗಬಾರದೆಂದು ಮೇಲಧಿಕಾರಿಗಳು ಕಾವಲುಗಾರರನ್ನು ಆಗಾಗ ಬದಲಿಸುತ್ತಿದ್ದರು. ಹೀಗಾದರೆ ಇಡೀ ಪಡೆಯೇ ಕೈತಪ್ಪೀತೆಂದು ಕೊನೆಗೆ ಬದಲಿಸುವುದನ್ನೇ ಬಿಟ್ಟರು. ಒಬ್ಬ ಕಾವಲುಗಾರ ಪವಿತ್ರಾತ್ಮರ ಲತೀನ್ ಗೀತೆಯನ್ನು ಕಲಿತು, ಬೆಳಿಗ್ಗೆ ವ್ಯಾಯಾಮಕ್ಕೆ ಇಳಿಯುವಾಗ ಹಾಡುತ್ತಿದ್ದ. ಮರ ಕಡಿಯುವಾಗ ಶಿಲುಬೆಗೆ ಒಂದು ತುಂಡು ಬೇಕೆಂದಾಗ ಇನ್ನೊಬ್ಬ ಕಣ್ಣುಮುಚ್ಚಿಕೊಂಡ. ಅದನ್ನು ಸಾಬೂನಿನೊಳಗೆ ಅಡಗಿಸಿಟ್ಟರು. ಸರಪಳಿಗೆ ಬೇಕಾದ ವಿದ್ಯುತ್ ತಂತಿ ತಂದು, ಜೊತೆಗೆ ಕೂತು ಕತ್ತರಿಸಿಕೊಟ್ಟವನೂ ಕಾವಲುಗಾರನೇ.

1988ರ ನವೆಂಬರ್ 21ರಂದು ಬಿಡುಗಡೆ. 1991ರಲ್ಲಿ ರೋಮಿಗೆ ಹೋದವರಿಗೆ ತಾಯ್ನಾಡಿಗೆ ಮರಳಲು ಅನುಮತಿ ಸಿಗಲಿಲ್ಲ. 2000ದ ತಪಸ್ಸುಕಾಲದಲ್ಲಿ ಪೋಪ್ 2ನೇ ಜಾನ್ ಪೌಲರಿಗೆ ಧ್ಯಾನಕೂಟ ನಡೆಸಿಕೊಟ್ಟರು. 2001ರಲ್ಲಿ ಕಾರ್ಡಿನಲ್ ಆದರು, 2002ರ ಸೆಪ್ಟೆಂಬರ್ 16ರಂದು ನಿಧನರಾದರು. ಪೋಪ್ 16ನೇ ಬೆನೆಡಿಕ್ಟರು 2007ರಲ್ಲಿ ಭರವಸೆಯ ಕುರಿತು ಬರೆದ ವಿಶ್ವಪತ್ರದಲ್ಲಿ ಇವರನ್ನು ಸ್ಮರಿಸಿದ್ದಾರೆ. 2017ರಲ್ಲಿ ಪೋಪ್ ಫ್ರಾನ್ಸಿಸರು ಇವರನ್ನು ‘ಪೂಜ್ಯ’ರೆಂದು ಘೋಷಿಸಿದರು. ಬಿಡುಗಡೆಯ ನಂತರ ಅವರ ಎದೆಯ ಮೇಲಿದ್ದದ್ದು ಅದೇ ಸೆರೆಮನೆಯ ಮರದ ಶಿಲುಬೆ, ಅದೇ ತಂತಿಯ ಸರಪಳಿ.