ತಾನಾಗಿ ಬರುವ ನಡುಕ

ಚಳಿಗೆ ಮೈ ನಡುಗುವುದನ್ನೂ ಭಯಕ್ಕೆ ಕೈಕಾಲು ನಡುಗುವುದನ್ನೂ ನಾವೆಲ್ಲರೂ ಬಲ್ಲೆವು. ಅಲ್ಲಿ ಕಾರಣವನ್ನು ಹುಡುಕಬೇಕಾಗಿಲ್ಲ. ಕಂಬಳಿ ಹೊದ್ದರೆ ಒಂದು ಹೋಗುತ್ತದೆ, ಧೈರ್ಯ ಬಂದರೆ ಇನ್ನೊಂದು ಹೋಗುತ್ತದೆ. ಆದರೆ ಚಳಿಯಿಲ್ಲದೆ, ಭಯವಿಲ್ಲದೆ, ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ತನ್ನಷ್ಟಕ್ಕೆ ತಾನೇ ಅಲುಗತೊಡಗಿದರೆ ನಾವು ಏನೆನ್ನುತ್ತೇವೆ? ಮುಪ್ಪೆನ್ನುತ್ತೇವೆ, ಅಧೈರ್ಯವೆನ್ನುತ್ತೇವೆ, ಕುಡಿತದ ಫಲವೆಂದು ಹಿಂದಿನಿಂದ ಆಡಿಕೊಳ್ಳುವುದೂ ಉಂಟು. ರೋಗಿಗೆ ರೋಗದ ಕಷ್ಟವೊಂದಾದರೆ ಈ ಊಹೆಗಳ ಕಷ್ಟ ಮತ್ತೊಂದು. ಅವು ಒಂದೊಂದಾಗಿ ಹೇಗೆ ಬಿದ್ದುಹೋದುವೆಂಬುದನ್ನು ಈ ಹೊತ್ತು ಶ್ರೋತೃಗಳ ಮುಂದಿಡಲು ಯತ್ನಿಸುತ್ತೇವೆ.

ಪ್ರಾಚೀನರು ನಡುಕವನ್ನು ಅರಿಯದವರಲ್ಲ. ಚರಕಸಂಹಿತೆ ಎಂಬತ್ತು ವಾತವಿಕಾರಗಳನ್ನು ಎಣಿಸುವಲ್ಲಿ ವೇಪಥುವನ್ನೂ ಸೇರಿಸಿದೆ. ಗ್ರೀಕ್ ವೈದ್ಯ ಗ್ಯಾಲೆನ್ ಕಂಪನವನ್ನು ಕುರಿತು ವಿಚಾರಮಾಡಿದ್ದಾನೆ. ಆದರೆ ೧೭ನೆಯ ಶತಮಾನದಲ್ಲಿ ಲೈಡನ್ ನಗರದ ಸಿಲ್ವಿಯಸ್ ಎಂಬ ಪಂಡಿತನು, ಅಂಗವು ಕೆಲಸದಲ್ಲಿರುವಾಗ ಬರುವ ನಡುಕ ಬೇರೆ, ವಿಶ್ರಾಂತಿಯಲ್ಲಿರುವಾಗ ಬರುವ ನಡುಕ ಬೇರೆ ಎಂದು ವಿಂಗಡಿಸಿದನು. ಮಾತು ಚಿಕ್ಕದು. ಮುಂದಿನ ಬಾಗಿಲುಗಳೆಲ್ಲ ತೆರೆದದ್ದು ಈ ಬೀಗದ ಕೈಯಿಂದಲೇ.

ಆ ಬೀಗದ ಕೈಯನ್ನು ಚೆನ್ನಾಗಿ ಬಳಸಿದವನು ಲಂಡನ್ನಿನ ಹಾಕ್ಸ್‌ಟನ್ ಬಡಾವಣೆಯ ಜೇಮ್ಸ್ ಪಾರ್ಕಿನ್‌ಸನ್. ಈತ ೧೭೫೫ರಲ್ಲಿ ಹುಟ್ಟಿದವನು. ದೊಡ್ಡ ಪದವಿಯ ವೈದ್ಯನಲ್ಲ, ಬಡಾವಣೆಯ ಜನರಿಗೆ ಔಷಧಿ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದವನು. ಶಿಲೆಗಳಲ್ಲಿ ಉಳಿದ ಪುರಾತನ ಜೀವಿಗಳ ಅವಶೇಷಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದಿದ್ದನು. ದೊರೆಯನ್ನು ವಿಷದ ಬಾಣದಿಂದ ಕೊಲ್ಲುವ ಸಂಚೊಂದರ ವಿಚಾರಣೆಯಲ್ಲಿ ೧೭೯೪ರಲ್ಲಿ ಮಂತ್ರಿಗಳ ಮುಂದೆ ಸಾಕ್ಷಿ ನುಡಿದವನೂ ಹೌದು! ಅರವತ್ತೆರಡನೆಯ ವಯಸ್ಸಿನಲ್ಲಿ, ೧೮೧೭ರಲ್ಲಿ, ಅವನು ನಡುಗುವ ಪಾರ್ಶ್ವವಾಯುವನ್ನು ಕುರಿತು ಒಂದು ಸಣ್ಣ ಪ್ರಬಂಧವನ್ನು ಅಚ್ಚುಹಾಕಿಸಿದನು.

ಅದರಲ್ಲಿ ಬರುವವರು ಆರೇ ಜನ. ಇಬ್ಬರು ಬೀದಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕವರು. ಒಬ್ಬನನ್ನಂತೂ ಅವನು ದೂರದಿಂದ ನೋಡಿದ್ದಷ್ಟೆ. ಇಷ್ಟು ಸಾಮಗ್ರಿಯಿಂದಲೇ ಅವನು ರೋಗದ ಚಿತ್ರವನ್ನು ಬಿಡಿಸಿದನು: ಆಧಾರ ಕೊಟ್ಟು ಸುಮ್ಮನಿರಿಸಿದ ಕೈಯೂ ನಡುಗುತ್ತದೆ, ದೇಹ ಮುಂದಕ್ಕೆ ಬಾಗುತ್ತದೆ, ನಡಿಗೆ ತಡೆಯಲಾಗದೆ ಓಟಕ್ಕೆ ತಿರುಗುತ್ತದೆ. ಆ ಆರು ಜನರಲ್ಲಿ ಒಬ್ಬ ತೋಟಗಾರ. ಐವತ್ತು ದಾಟಿದವನು, ಮಿತಾಹಾರಿ, ಕುಡಿತದಿಂದ ದೂರವಿದ್ದವನು. ಕೆಲವು ದಿನ ಆ ಕೈಗೆ ಅತಿಯಾದ ದುಡಿಮೆ ಕೊಟ್ಟದ್ದೇ ನಡುಕಕ್ಕೆ ಮೂಲವೆಂದು ಅವನ ನಂಬಿಕೆ. ಇನ್ನೊಬ್ಬ ಹಳೆಯ ನಾವಿಕ. ಸ್ಪೇನಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದ ಮೇಲೆ ಮಲಗಿದ್ದರಿಂದ ಹೀಗಾಯಿತೆಂದು ಅವನು ಹೇಳುತ್ತಿದ್ದನು. ಮನುಷ್ಯನಿಗೆ ಕಾರಣವಿಲ್ಲದ ಕಷ್ಟವನ್ನು ಸಹಿಸುವುದು ಕಷ್ಟ. ಪಾರ್ಕಿನ್‌ಸನ್ ಈ ಮಾತುಗಳನ್ನು ನಗದೆ ಬರೆದಿಟ್ಟನು. ಅವನ ಸ್ವಂತ ಊಹೆಯಾದರೂ ಸರಿಯಾಗಿತ್ತೆ? ಇಲ್ಲ. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ದೋಷವಿರಬಹುದೆಂದು ಅವನು ಎಣಿಸಿದ್ದನು. ಆದರೆ ಮೃತದೇಹವನ್ನು ಪರೀಕ್ಷಿಸುವ ಅವಕಾಶ ತನಗೆ ಸಿಗಲಿಲ್ಲವೆಂದು ಒಪ್ಪಿಕೊಂಡು, ಅಂಗರಚನೆಯನ್ನು ಬಲ್ಲವರು ಆ ಕೆಲಸವನ್ನು ಕೈಗೊಳ್ಳಬೇಕೆಂದು ಬೇಡಿಕೊಂಡನು.

ಅರ್ಧ ಶತಮಾನ ಕಳೆಯಿತು. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯನು ರೋಗಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಹೋಲಿಸತೊಡಗಿದನು. ನೀರಿನ ಲೋಟವನ್ನು ತುಟಿಗೆ ತರುವಾಗ ಹೆಚ್ಚುವ ನಡುಕ ಒಂದು ರೋಗದ್ದು. ಕೈ ಸುಮ್ಮನಿರುವಾಗ ಕಾಣುವುದು ಮತ್ತೊಂದರದ್ದು. ಎರಡನೆಯದಕ್ಕೆ ಪಾರ್ಕಿನ್‌ಸನ್ನನ ಹೆಸರನ್ನೇ ಇಟ್ಟವನು ಶಾರ್ಕೋ. ಅದನ್ನು ಪಾರ್ಶ್ವವಾಯುವೆನ್ನುವುದು ಅವನಿಗೆ ಒಪ್ಪಿಗೆಯಾಗಲಿಲ್ಲ, ಏಕೆಂದರೆ ಆ ರೋಗಿಗಳ ತೋಳಿನ ಬಲ ಬಹುಕಾಲ ಉಳಿದಿರುತ್ತಿತ್ತು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಬಟ್ಟಲನ್ನು ಹಿಡಿದಾಗ, ಸಹಿ ಹಾಕುವಾಗ ಮಾತ್ರ ನಡುಗುವ ಕೈ ಅನೇಕರದು. ಅದು ಬಹುಮಟ್ಟಿಗೆ ವಂಶದಲ್ಲಿ ಇಳಿದುಬರುವ ಬೇರೊಂದು ನಡುಕ, ಪಾರ್ಕಿನ್‌ಸನ್ ರೋಗವಲ್ಲ. ಸ್ವಲ್ಪ ಮದ್ಯ ಸೇವಿಸಿದರೆ ಈ ನಡುಕ ತಾತ್ಕಾಲಿಕವಾಗಿ ತಗ್ಗುವುದುಂಟು. ಆಡಿಕೊಳ್ಳುವವರು ಕಾರ್ಯವನ್ನೂ ಕಾರಣವನ್ನೂ ತಲೆಕೆಳಗು ಮಾಡಲು ಇದಕ್ಕಿಂತ ಹೆಚ್ಚಿನದು ಬೇಕೆ?

ಪಾರ್ಕಿನ್‌ಸನ್ನನ ಬೇಡಿಕೆಗೆ ಉತ್ತರ ಬಂದದ್ದು ೧೦೨ ವರ್ಷಗಳ ಬಳಿಕ. ೧೯೧೯ರಲ್ಲಿ ಟ್ರೆಟ್ಯಾಕಾಫ್ ಎಂಬ ತರುಣ ವೈದ್ಯನು, ಈ ರೋಗದಿಂದ ಸತ್ತವರ ಮಿದುಳಿನ ಬುಡದಲ್ಲಿರುವ ಕಪ್ಪು ಪಟ್ಟಿಯೊಂದರ ಜೀವಕಣಗಳು ಅಳಿದಿರುವುದನ್ನು ತೋರಿಸಿದನು. ದೋಷ ಬೆನ್ನುಹುರಿಯಲ್ಲಿಯೂ ಅಲ್ಲ, ಮನೋಧೈರ್ಯದಲ್ಲಿಯೂ ಅಲ್ಲ. ಆದರೆ ಆ ಪಟ್ಟಿಯ ಕೆಲಸವೇನು?

ಇದನ್ನು ತಿಳಿಸಿಕೊಟ್ಟದ್ದು ನಮ್ಮ ದೇಶದ ಸರ್ಪಗಂಧಿ. ಅದರ ಬೇರನ್ನು ನಿದ್ರೆಗೂ ಉನ್ಮಾದಕ್ಕೂ ನಮ್ಮವರು ಹಿಂದಿನಿಂದ ಕೊಡುತ್ತಿದ್ದರು. ೧೯೫೨ರಲ್ಲಿ ಅದರಿಂದ ರೆಸರ್ಪೀನ್ ಎಂಬ ಸತ್ತ್ವವನ್ನು ತೆಗೆದು ರಕ್ತದ ಒತ್ತಡಕ್ಕೂ ಬುದ್ಧಿವಿಕಾರಕ್ಕೂ ಧಾರಾಳವಾಗಿ ಬಳಸಿದಾಗ, ಕೆಲವು ರೋಗಿಗಳು ಪಾರ್ಕಿನ್‌ಸನ್ ವರ್ಣಿಸಿದವರಂತೆಯೇ ಬಿಗಿದು ನಡುಗತೊಡಗಿದರು. ೧೯೫೭ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್ ಈ ಸತ್ತ್ವವನ್ನು ಮೊಲಗಳಿಗೆ ಚುಚ್ಚಿದನು; ಅವು ಕಿವಿ ಜೋಲುಬಿಟ್ಟು ಅಲುಗದೆ ಕುಳಿತುವು. ಅನಂತರ ಎಲ್-ಡೋಪಾ ಎಂಬ ದ್ರವ್ಯವನ್ನು ಕೊಡಲು, ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದುವು! ಮಿದುಳು ಆ ದ್ರವ್ಯದಿಂದ ಡೋಪಮೀನನ್ನು ಮಾಡಿಕೊಳ್ಳುತ್ತದೆ. ಕಪ್ಪು ಪಟ್ಟಿಯ ಜೀವಕಣಗಳು ಒದಗಿಸುವ ವಸ್ತು ಅದೇ. ೧೯೬೦ರಲ್ಲಿ ವಿಯನ್ನಾ ನಗರದ ಪಂಡಿತರು ರೋಗಿಗಳ ಮಿದುಳಿನಲ್ಲಿ ಅದು ಬಹಳ ಕಡಮೆಯಾಗಿರುವುದನ್ನು ಅಳೆದು ತೋರಿಸಿದರು. ೧೯೬೭ರಲ್ಲಿ ಅಮೆರಿಕದ ಕೊಟ್ಜಿಯಾಸ್ ಡೋಪಾವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಕೊಡಲು, ಕದಲಲಾರದಿದ್ದವರು ನಡೆದಾಡಿದರು. ಈ ಎಲ್-ಡೋಪಾವನ್ನು ನಸುಗುನ್ನಿ ಬೀಜದಿಂದ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಭಾರತೀಯ ರಸಾಯನಜ್ಞರು ೧೯೩೭ರಲ್ಲಿಯೇ ಬೇರ್ಪಡಿಸಿದ್ದರು. ಅದರ ಪ್ರಯೋಜನ ಆಗ ಯಾರಿಗೂ ಹೊಳೆದಿರಲಿಲ್ಲ.

ಔಷಧಿ ಕೊರತೆಯನ್ನು ತುಂಬುತ್ತದೆಯೇ ಹೊರತು ಅಳಿದ ಕಣಗಳನ್ನು ಮರಳಿ ತರುವುದಿಲ್ಲ. ವರ್ಷಗಳು ಕಳೆದಂತೆ ಅದರ ಫಲ ಏರಿಳಿಯುತ್ತದೆ, ಬೇಡದ ಹೊರಳಾಟವೂ ಕಾಣಿಸಿಕೊಳ್ಳುತ್ತದೆ. ಕಣಗಳು ಅಳಿಯುವುದೇಕೆ ಎಂಬುದಕ್ಕೆ, ಕೆಲವು ಕುಟುಂಬಗಳಲ್ಲಿ ವಂಶವಾಹಿಯ ದೋಷವನ್ನೂ ಕೆಲವೆಡೆ ವಿಷದ್ರವ್ಯಗಳನ್ನೂ ಈಗ ಬೆರಳಿಟ್ಟು ತೋರಿಸಬಹುದು. ಆದರೆ ಹಾಕ್ಸ್‌ಟನ್ನಿನ ತೋಟಗಾರ ಇಂದು ಬಂದು ಕೇಳಿದರೆ, ನಿನ್ನ ದುಡಿಮೆಯ ತಪ್ಪಲ್ಲವಪ್ಪ ಎಂದು ವೈದ್ಯರು ಅವನಿಗೆ ಖಂಡಿತವಾಗಿ ಹೇಳಬಲ್ಲರು. ಹಾಗಾದರೆ ಮತ್ತೇನು ಎಂದು ಅವನು ಮರಳಿ ಕೇಳಿದರೆ, ಒಂದೇ ಮಾತಿನ ಉತ್ತರ ಅವರಲ್ಲಿಲ್ಲ.