ಚಳಿಯಿಲ್ಲದ ಊರಿನ ಕೋಳಿಗಳು

ಹೆಬಳೆಯಿಂದ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ ಏಳನೆಯ ತರಗತಿಯಲ್ಲಿ ಒಮ್ಮೆ ಎದ್ದು ನಿಂತು, "ಸರ್, ದೀಪಾವಳಿ ಕಳೆದ ಮೇಲೆ ನಮ್ಮ ಮನೆಯ ಕೋಳಿಗಳು ಮೊಟ್ಟೆ ಇಡುವುದು ಕಡಿಮೆ, ಯಾಕೆ?" ಎಂದು ಕೇಳಿದ್ದ. "ಚಳಿಗೆ" ಎಂದೆ. "ನಮ್ಮೂರಲ್ಲಿ ಚಳಿ ಎಲ್ಲಿದೆ ಸರ್?" ಎಂದ. ತರಗತಿಯೆಲ್ಲ ನಕ್ಕಿತು. ನಾನು ಅವನನ್ನು ಕೂರಿಸಿದೆ. ಅಷ್ಟಕ್ಕೇ ಮುಗಿದಿದ್ದರೆ ಮರೆಯಬಹುದಿತ್ತು. ಮೊಟ್ಟೆ ಮಾರಿದ ಹಣದಲ್ಲಿ ಮಗನಿಗೆ ಪಟ್ಟಿ, ಪೆನ್ಸಿಲು ಕೊಡಿಸುತ್ತಿದ್ದ ಅವನ ತಾಯಿ ಕೆಲ ದಿನಗಳ ನಂತರ ದಾರಿಯಲ್ಲಿ ಸಿಕ್ಕು, "ಕೆಂಪು ಹೇಂಟೆ ಮೊಟ್ಟೆ ನಿಲ್ಲಿಸಿದೆ ಮಾಸ್ತರ್ರೇ, ಏನು ಮಾಡುವುದು?" ಎಂದು ಕೇಳಿದರು. "ಮುದಿಯಾಗಿರಬೇಕು, ಕೊಟ್ಟುಬಿಡಿ" ಎಂದೆ. ಕೊಟ್ಟರು. ಆ ಕೋಳಿಗೆ ಎರಡು ವರ್ಷವೂ ತುಂಬಿರಲಿಲ್ಲವೆಂದು ಆಮೇಲೆ ತಿಳಿಯಿತು.

ನಿವೃತ್ತಿಯ ಬಿಡುವಿನಲ್ಲಿ ಈ ವಿಷಯವನ್ನು ಓದತೊಡಗಿದಾಗ, ಇದರ ಹಿಂದೆ ನೂರು ವರ್ಷಗಳ ಸ್ವಾರಸ್ಯಕರ ಇತಿಹಾಸವಿರುವುದು ಕಂಡುಬಂತು.

ಚಳಿ ಮತ್ತು ಕಿರುಹಗಲು ಜೊತೆಯಾಗಿಯೇ ಬರುವ ದೇಶಗಳಲ್ಲಿ ಇವೆರಡರಲ್ಲಿ ಯಾವುದು ಕಾರಣವೆಂದು ಬೇರ್ಪಡಿಸುವುದು ಸುಲಭವಲ್ಲ. ಅದನ್ನು ಬೇರ್ಪಡಿಸಿದವರು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಲಿಯಂ ರೋವನ್. ಹಕ್ಕಿಗಳು ವಲಸೆ ಹೋಗುವುದೇಕೆಂದು ತಿಳಿಯಲು ಹೊರಟ ಅವರು, 1924ರಲ್ಲಿ ಜುಂಕೊ ಎಂಬ ಪುಟ್ಟ ಹಕ್ಕಿಗಳನ್ನು ಬಯಲಿನ ಪಂಜರಗಳಲ್ಲಿರಿಸಿ, ಸಂಜೆಯ ನಂತರ ವಿದ್ಯುದ್ದೀಪ ಉರಿಸಿ ದಿನದಿಂದ ದಿನಕ್ಕೆ ಹಗಲನ್ನು ತುಸು ತುಸುವೇ ಉದ್ದ ಮಾಡಿದರು. ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಎಷ್ಟೋ ಕೆಳಗಿನ ಚಳಿಯಲ್ಲಿಯೂ ಆ ಹಕ್ಕಿಗಳ ಜನನಾಂಗಗಳು ವಸಂತಕಾಲದಲ್ಲಿರುವಂತೆ ಬೆಳೆದವು. ಬರೀ ಸಹಜ ಬೆಳಕಿನಲ್ಲಿದ್ದವು ಹಾಗೆ ಬೆಳೆಯಲಿಲ್ಲ. 1925ರಲ್ಲಿ ಈ ಸಂಗತಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಇನ್ನೂ ಅಚ್ಚರಿಯ ವಿಷಯವನ್ನು ತೋರಿಸಿದರು: ಕಣ್ಣಿಲ್ಲದ ಬಾತುಕೋಳಿಯೂ ಹಗಲಿನ ಉದ್ದವನ್ನು ಅರಿಯಬಲ್ಲದು. ಬೆಳಕು ತಲೆಬುರುಡೆಯ ಮೂಲಕವೇ ಮಿದುಳನ್ನು ತಲುಪುತ್ತದೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ, ಅದರ ಹಾರ್ಮೋನುಗಳ ಮೂಲಕ ಅಂಡಾಶಯಕ್ಕೆ ಆಜ್ಞೆ ಹೋಗುತ್ತದೆ. ಮೊಟ್ಟೆಕೋಳಿಗಳ ಫಾರಮ್ಮುಗಳಲ್ಲಿ ದಿನಕ್ಕೆ ಸುಮಾರು 16 ಗಂಟೆ ದೀಪ ಉರಿಸುವುದು ಇದಕ್ಕಾಗಿಯೇ.

ಹಾಗಾದರೆ ಹೆಬಳೆಯ ಹಿತ್ತಲಿನ ಕೋಳಿಗೆ ಏನಾಗಿತ್ತು? ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ, ಜೂನಿನದು ಹದಿನಾರೂವರೆ ಗಂಟೆಗೂ ಹೆಚ್ಚು. ಭಟ್ಕಳ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮಲ್ಲಿ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು 11 ಗಂಟೆ 17 ನಿಮಿಷ. ವ್ಯತ್ಯಾಸ ಇಷ್ಟೇ. ಆದ್ದರಿಂದ ಇಲ್ಲಿ ಎಲ್ಲವನ್ನೂ ಬೆಳಕಿನ ತಲೆಗೆ ಕಟ್ಟುವುದೂ ನನ್ನ 'ಚಳಿಗೆ' ಎಂಬ ಉತ್ತರದಷ್ಟೇ ಅವಸರದ ಮಾತಾದೀತು. (ಕಾಡುಬೆಕ್ಕಿನ ಭಯಕ್ಕೆ ಕೋಳಿಗಳನ್ನು ಬೇಗನೆ ಕತ್ತಲೆ ಗೂಡಿಗೆ ಹಾಕಿ, ಬೆಳಿಗ್ಗೆ ತಡವಾಗಿ ಬಿಡುವ ಮನೆಗಳಲ್ಲಿ ಹಗಲು ಇನ್ನಷ್ಟು ಚಿಕ್ಕದಾಗುತ್ತದೆ ಎಂಬುದು ಬೇರೆ ಮಾತು.)

ಉಳಿದ ಕಾರಣಗಳು ನಮ್ಮ ಕಣ್ಣೆದುರಿಗೇ ಇದ್ದವು. ಊರಕೋಳಿ ಹತ್ತು-ಹನ್ನೆರಡು ಮೊಟ್ಟೆ ಇಟ್ಟು ಕಾವು ಕೂರುತ್ತದೆ. ಇಪ್ಪತ್ತೊಂದು ದಿನ ಕಾವು, ಆಮೇಲೆ ವಾರಗಟ್ಟಲೆ ಮರಿಗಳ ಪಾಲನೆ. ಅಷ್ಟು ಕಾಲವೂ ಮೊಟ್ಟೆಯಿಲ್ಲ. ಮಳೆಗಾಲದ ಥಂಡಿಗೆ ಮರಿಗಳು ಉಳಿಯುವುದಿಲ್ಲವೆಂದು ನಮ್ಮ ಅಮ್ಮ ಮಳೆ ಬಿಟ್ಟ ಮೇಲೆಯೇ ಕಾವಿಗೆ ಕೂರಿಸುತ್ತಿದ್ದಳು. ಗದ್ದೆ ಕೊಯ್ಲಿನ ಉದುರು ಭತ್ತ ಮರಿಗಳಿಗೆ ಸಿಗಲೆಂಬ ಲೆಕ್ಕವೂ ಇತ್ತು. ಮೊಟ್ಟೆಯ ಬುಟ್ಟಿ ಖಾಲಿಯಿದ್ದಾಗ ಅಂಗಳದ ತುಂಬ ಮರಿಗಳಿರುತ್ತಿದ್ದವು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗಿರಲಿಲ್ಲ. ಇನ್ನೊಂದು ಕಾರಣ ಪುಕ್ಕ ಉದುರುವುದು. ಹಗಲು ಕುಗ್ಗುವ ಕಾಲಕ್ಕೆ, ವರ್ಷ ತುಂಬಿದ ಕೋಳಿ ಹಳೆಯ ಗರಿ ಕಳಚಿ ಹೊಸದನ್ನು ಬೆಳೆಸುತ್ತದೆ. ಗರಿಯೆಂದರೆ ಬಹುತೇಕ ಪ್ರೋಟೀನೇ. ಅದನ್ನು ಕಟ್ಟುವಾಗ ಮೊಟ್ಟೆಗೆ ಬೇಕಾದ ಸಾರ ಉಳಿಯುವುದಿಲ್ಲ. ಆ ಎರಡು-ಮೂರು ತಿಂಗಳು ಅಂಡಾಶಯ ಕುಗ್ಗಿ ವಿಶ್ರಾಂತಿಯಲ್ಲಿರುತ್ತದೆ.

ವರ್ಷವಿಡೀ ಮೊಟ್ಟೆ ಇಡಬೇಕೆಂಬ ನಿರೀಕ್ಷೆಯಾದರೂ ಮನುಷ್ಯನದೇ. ಸಾಕುಕೋಳಿಯ ಮುಖ್ಯ ಪೂರ್ವಜವಾದ ಕೆಂಪು ಕಾಡುಕೋಳಿ ಮೊಟ್ಟೆ ಇಡುವುದು ಋತುವಿಗೆ ತಕ್ಕಂತೆ. (ನಮ್ಮ ಘಟ್ಟದ ಬೂದು ಕಾಡುಕೋಳಿಯ ಪಾಲೂ ಸ್ವಲ್ಪವಿದೆ: ಅನೇಕ ಕೋಳಿಗಳ ಹಳದಿ ಚರ್ಮದ ಗುಣ ಅದರಿಂದ ಬಂದದ್ದೆಂದು 2008ರಲ್ಲಿ ತಿಳಿಯಿತು.) 2010ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು, ಹಗಲಿನ ಉದ್ದಕ್ಕೂ ಸಂತಾನೋತ್ಪತ್ತಿಗೂ ನಂಟು ಕಟ್ಟುವ ಒಂದು ವಂಶವಾಹಿ ಸಾಕುಕೋಳಿಗಳಲ್ಲಿ ಬದಲಾಗಿರುವುದನ್ನು ಗುರುತಿಸಿದರು. ಆ ಬದಲಾವಣೆ ಯುರೋಪಿನಲ್ಲಿ ವ್ಯಾಪಕವಾದದ್ದು ಸುಮಾರು ಸಾವಿರ ವರ್ಷಗಳ ಹಿಂದೆ ಎಂದು 2017ರ ಇನ್ನೊಂದು ಅಧ್ಯಯನ ಹೇಳುತ್ತದೆ. ಕ್ರೈಸ್ತರ ಉಪವಾಸದ ದಿನಗಳಲ್ಲಿ ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ನಿಷಿದ್ಧವಾಗಿ, ಕೋಳಿ ಮತ್ತು ಮೊಟ್ಟೆಗೆ ಬೇಡಿಕೆ ಹೆಚ್ಚಿದ್ದು ಇದಕ್ಕೆ ಕಾರಣವಿರಬಹುದೆಂದು ಆ ವಿದ್ವಾಂಸರ ಊಹೆ.

ಅಂದು ಆ ತಾಯಿಗೆ ಹೇಳಬೇಕಾಗಿದ್ದ ಮಾತು ಇಷ್ಟು: ಹೇಂಟೆಯ ಜುಟ್ಟು ಬಾಡಿ ಬಿಳಚಿಕೊಂಡಿದ್ದರೆ, ಗೂಡಿನಲ್ಲಿ ಗರಿ ಬಿದ್ದಿದ್ದರೆ, ಅದು ಮುದಿತನವಲ್ಲ. ನುಚ್ಚಿನ ಜೊತೆ ಸ್ವಲ್ಪ ಒಣಮೀನಿನ ಪುಡಿ ಹಾಕಿ, ಸಂಕ್ರಾಂತಿ ದಾಟುವವರೆಗೆ ಕಾಯಿರಿ. ಜುಟ್ಟು ಮತ್ತೆ ಕೆಂಪೇರಿದರೆ ಮೊಟ್ಟೆ ಬರುತ್ತದೆ.

ಆ ಹುಡುಗನಿಗೆ ಈಗ ಮಕ್ಕಳಿರಬೇಕು. ಅವನು ಇದನ್ನು ಓದುತ್ತಿದ್ದರೆ, ಪ್ರಶ್ನೆ ಕೇಳಿದ್ದಕ್ಕೆ ಅಂದು ಅವನನ್ನು ಕೂರಿಸಿದ್ದು ನನ್ನ ತಪ್ಪು. ಕೆಂಪು ಹೇಂಟೆಯ ವಿಷಯವನ್ನು ತಾಯಿಯವರಿಗೂ ತಿಳಿಸಲಿ.