ಅರಿಷ್ಟವೆಂಬ ಮಾತು

ಬಾದಾಮಿಯ ಬೆಟ್ಟವನ್ನು ಹತ್ತಿ ಆಚೆ ಇಳಿದರೆ ಮಹಾಕೂಟ. ಯುಗಾದಿ ಪಾಡ್ಯದ ಬೆಳಗಿನ ಜಾವ ನಾವು ಮಕ್ಕಳು ಹಿರಿಯರ ಬೆನ್ನ ಹಿಂದೆ ಆ ದಾರಿಯಲ್ಲಿ ನಡೆದು, ಬಿಸಿಲೇರುವ ಮುನ್ನ ವಿಷ್ಣು ಪುಷ್ಕರಿಣಿಯ ಬುಗ್ಗೆಯ ನೀರಿನಲ್ಲಿ ಮುಳುಗೆದ್ದು, ಮಹಾಕೂಟೇಶ್ವರನಿಗೆ ಕೈಮುಗಿದು ಹಿಂತಿರುಗುತ್ತಿದ್ದೆವು. ಸಂಜೆಗೆ ಮನೆಯಲ್ಲಿ ಬೇವು. ಮೈಸೂರಿನ ಕಡೆಯವರಿಗೆ ಬೇವುಬೆಲ್ಲವೆಂದರೆ ಅಂಗೈಗೆ ಹಾಕಿಸಿಕೊಂಡು ತಿನ್ನುವ ಒಂದು ಚಿಟಿಕೆ. ನಮ್ಮ ಸೀಮೆಯಲ್ಲಿ ಅದು ಬಟ್ಟಲು ತುಂಬ ಕುಡಿಯುವ ಪೇಯ. ಹೊಸ ಗಡಿಗೆಯ ನೀರಿನಲ್ಲಿ ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು, ಗಸಗಸೆ, ಒಣಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿ, ಎಲ್ಲಕ್ಕೂ ಮೇಲೆ ಬೇವಿನ ಹೂವು. “ಬೇವು ಕುಡ್ಯಾಕ ಬರ್ರಿ” ಎಂದು ಮನೆಯಿಂದ ಮನೆಗೆ ಕರೆ ಹೋಗುತ್ತಿತ್ತು. ಪಡಸಾಲೆಯಲ್ಲಿ ಪಂಚಾಂಗ ಓದುತ್ತಿರುವಾಗ, ಸಿಹಿಯೆಂದು ನಂಬಿ ಗುಟುಕರಿಸಿದ ಬಾಲಕರ ಮುಖ ಹೂವಿನ ಕಹಿ ತಾಗಿ ಕಿವುಚಿಕೊಳ್ಳುವುದನ್ನು ನೋಡಿ ದೊಡ್ಡವರು ನಗುತ್ತಿದ್ದರು.

ಇಂತಹ ಒಂದು ಸಂಜೆ ನನ್ನ ಅಜ್ಜ ನನಗೆ ಅಮರಕೋಶದ ಒಂದು ಪದವನ್ನು ಹೇಳಿಕೊಟ್ಟರು. ‘ಅರಿಷ್ಟ’ವೆಂದರೆ ಬೇವಿನ ಮರ. ಅದೇ ಪದ ಆಯುರ್ವೇದದಲ್ಲಿ ಹುದುಗಿಸಿದ ಔಷಧಕ್ಕೂ ಹೆಸರು. ಕೇಡು ಎಂಬ ಅರ್ಥವೂ ಅದಕ್ಕುಂಟು, ಕೇಡಿಲ್ಲದ್ದು ಎಂಬ ಅರ್ಥವೂ ಉಂಟು. ಒಂದೇ ಮಾತು ಹೀಗೆ ಎರಡೂ ದಡಗಳನ್ನು ಮುಟ್ಟುವುದು ಆಗ ನನಗೆ ತಮಾಷೆಯಾಗಿ ಕಂಡಿತ್ತು.

ಅಜ್ಜ ವೈದ್ಯರು. ವರ್ಷಕ್ಕೊಮ್ಮೆ ದ್ರಾಕ್ಷಾರಿಷ್ಟವನ್ನು ಮಾಡುತ್ತಿದ್ದರು. ಕುದಿಸದೆ ಹುದುಗಿಸಿದರೆ ಆಸವ, ಕಷಾಯ ಕಾಸಿ ಹುದುಗಿಸಿದರೆ ಅರಿಷ್ಟ. ಸಾಮಾನ್ಯವಾಗಿ ಎರಡಕ್ಕೂ ಇರುವ ಭೇದ ಇಷ್ಟೆ. ಚರಕಸಂಹಿತೆಯಲ್ಲಿ 84 ಆಸವಗಳ ಎಣಿಕೆಯಿದೆ. ಒಣದ್ರಾಕ್ಷಿಯ ಕಷಾಯವನ್ನು ಆರಿಸಿ, ಬೆಲ್ಲ ಕರಗಿಸಿ, ಏಲಕ್ಕಿ, ದಾಲ್ಚಿನ್ನಿ, ನಾಗಕೇಸರ, ಹಿಪ್ಪಲಿ, ಮೆಣಸು, ವಾಯುವಿಡಂಗಗಳ ಪುಡಿಯನ್ನು ಬೆರೆಸಿ, ಕೊನೆಗೆ ಧಾತಕಿಯ ಹೂವನ್ನು ಹಾಕುವುದು. ಹುದುಗು ಹಿಡಿಯುವುದು ಆ ಕೆಂಪು ಹೂವಿನ ಮಕರಂದದಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಂದ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಅಜ್ಜನಿಗೆ ಅದು ಹೂವಿನ ಗುಣ, ಅಷ್ಟೆ. ತುಪ್ಪ ಸವರಿದ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಜೋಳದ ರಾಶಿಯಲ್ಲಿ ಒಂದು ತಿಂಗಳು ಹುಗಿಯುತ್ತಿದ್ದರು. ತೆಗೆದಾಗ ಬರುವ ಪರಿಮಳಕ್ಕೆ ಓಣಿಯೇ ತಿರುಗಿ ನೋಡುತ್ತಿತ್ತು. ಬಾಣಂತಿಯರಿಗೆ, ಹಸಿವು ಸತ್ತ ಮುದುಕರಿಗೆ ಊಟದ ನಂತರ ಎರಡು ಚಮಚ. ಮೊದಲು ಸಿಹಿ, ಆಮೇಲೆ ನಾಲಗೆಯ ಬುಡದಲ್ಲಿ ಒಗರು, ಕಹಿ.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಈ ಎರಡು ಚಮಚಗಳಿಗೆ ಸ್ಥಳವಿಲ್ಲ. ಅಲ್ಲಿರುವುದು ಮದ್ಯದ ಬೇರೆಯೇ ಕಥೆ. 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡ ಹ್ಯುಯೆನ್ ತ್ಸಾಂಗ್, ಇಲ್ಲಿಯ ವೀರರು ಕಾಳಗಕ್ಕೆ ಮುನ್ನ ಕುಡಿದು ಮತ್ತೇರಿಸಿಕೊಳ್ಳುವರೆಂದೂ, ನೂರಾರು ಆನೆಗಳಿಗೂ ಮದ್ಯವನ್ನು ಕುಡಿಸುವರೆಂದೂ ಬರೆದಿದ್ದಾನೆ. 642ರಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿದರು. ಅದಕ್ಕೆ ಆನೆಗಳ ಅಮಲೇ ಕಾರಣವೆಂದು ನಾನು ಹೇಳಲಾರೆ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯ ಬೋದಿಗೆಗಳಲ್ಲಿ, ಮರದ ನೆಳಲಲ್ಲಿ ಒಬ್ಬರನ್ನೊಬ್ಬರು ಆತು ನಿಂತ ದಂಪತಿಗಳನ್ನು ಕಂಡಾಗ ಕಾವ್ಯದ ಮಧುಪಾನ ನೆನಪಾಗದೆ ಇರದು. ಮಹಾಕಾವ್ಯಕ್ಕೆ ಹೇಳಿದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಆದ್ದರಿಂದ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ವ್ರತವೆಂದು ಬಲ್ಲ ಜೈನಕವಿಗಳೂ ಅದನ್ನು ಬಿಡುವಂತಿರಲಿಲ್ಲ. 941ರಲ್ಲಿ ಮುಗಿದ ಪಂಪನ ಭಾರತದ ನಾಲ್ಕನೆಯ ಆಶ್ವಾಸದಲ್ಲಿ ಕುಡಿತದ ಚಿತ್ರ ಎಷ್ಟು ಜೀವಂತವಾಗಿದೆಯೆಂದರೆ, ಕವಿ ದೂರ ನಿಂತು ನೋಡಿದ್ದನೆಂದು ನಂಬುವುದು ಕಷ್ಟ. 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಮದಿರಾಪಾನವನ್ನು ರಾಜವಿನೋದಗಳಲ್ಲಿ ಸೇರಿಸಿದ. ಅರಮನೆಯ ಹೊರಗೆ ಅದೇ ಶತಮಾನದಲ್ಲಿ ಬಾಳಿದ ಶರಣ ಹೆಂಡದ ಮಾರಯ್ಯನದು ಹೆಂಡ ಮಾರುವ ಕಾಯಕ. ಆ ಕಾಯಕದ ಮಾತನ್ನೇ ಬಳಸಿ ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಅವನು ವಚನಗಳನ್ನು ನುಡಿದ. ರಣ, ಅರಮನೆ, ಸೂಳೆಗೇರಿ, ಹೆಂಡದಂಗಡಿ ಎಲ್ಲವೂ ನಮ್ಮ ಸಾಹಿತ್ಯಕ್ಕೆ ಗೊತ್ತು. ಜೋಳದ ರಾಶಿಯೊಳಗಿನ ಭರಣಿ ಮಾತ್ರ ಗೊತ್ತಿಲ್ಲ.

ಮಹಾಕೂಟದ ಶಾಸನಗಳೂ ಇದಕ್ಕೆ ಹೊರತಲ್ಲ. ವಿಜಯಾದಿತ್ಯನ ಪ್ರಾಣವಲ್ಲಭೆಯಾದ ವಿನಾಪೋಟಿ ಇಲ್ಲಿಯ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಕೊಟ್ಟುದು ಕಲ್ಲಿನ ಮೇಲಿದೆ. ಆ ದಿನ ಅವಳ ಮನೆಯ ಹೆಂಗಸರು ಸಂಜೆ ಏನು ಕುಡಿದರೆಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಕಹಿಯನ್ನು ಮದ್ಯದ ಜೊತೆಗಿಟ್ಟು ಮದ್ದು ಮಾಡಿದವರು ನಾವೊಬ್ಬರೇ ಅಲ್ಲ. 1824ರಲ್ಲಿ ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಬೊಲಿವಾರನ ಸೈನ್ಯದ ವೈದ್ಯನಾಗಿದ್ದ ಜರ್ಮನ್ ಪಂಡಿತ ಸೀಗರ್ಟ್, ಸೈನಿಕರ ಹೊಟ್ಟೆಯ ತೊಂದರೆಗೆಂದು ಕಹಿ ಬೇರು ಮತ್ತು ಸಾಂಬಾರ ಪದಾರ್ಥಗಳಿಂದ ಒಂದು ದ್ರವವನ್ನು ಸಿದ್ಧಪಡಿಸಿದ. ಅಂಗೋಸ್ಟುರಾ ಎಂಬ ಊರಿನಲ್ಲಿ ಹುಟ್ಟಿದ ಆ ‘ಬಿಟರ್ಸ್’ ಔಷಧದ ಕಪಾಟಿನಿಂದ ಇಳಿದು ಪಾನಗೃಹಗಳನ್ನು ಸೇರಿತು; ಇಂದು ಕಾಕ್‌ಟೇಲ್ ಬೆರೆಸುವವರು ಅದನ್ನು ಹನಿಯ ಲೆಕ್ಕದಲ್ಲಿ ಬಳಸುತ್ತಾರೆ. ನಮ್ಮ ಅರಿಷ್ಟ ಅಂಥ ಪಯಣ ಮಾಡಲಿಲ್ಲ. ಅದು ವೈದ್ಯನ ಮನೆಯಲ್ಲೇ ಉಳಿಯಿತು, ಮತ್ತು ಅಲ್ಲಿಯೇ ಸಿಕ್ಕಿಬಿತ್ತು.

ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. 1949ರ ಪಾನನಿರೋಧ ಕಾಯದೆ 1950ರಲ್ಲಿ ಪೂರ್ಣವಾಗಿ ಜಾರಿಗೆ ಬಂತು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರು ಆ ಕಾಯದೆಯ ಉದ್ದೇಶವನ್ನು ಹಳಿಯಲಾರರು, ಅಜ್ಜನೂ ಹಳಿಯಲಿಲ್ಲ. ಒಂದು ಮಧ್ಯಾಹ್ನ ಅಧಿಕಾರಿಯೊಬ್ಬರು ನಮ್ಮ ಮನೆಗೆ ಬಂದು ರಾಶಿಯೊಳಗಿನ ಭರಣಿಯನ್ನು ತೆಗೆಸಿದರು. “ಇದು ಔಷಧವೋ, ಸೆರೆಯೋ?” ಎಂದು ಕೇಳಿದರು. ಅಜ್ಜ ಸುಳ್ಳು ಬಾರದ ಮನುಷ್ಯ. “ಎರಡೂ ಹೌದ್ರಿ ಸಾಹೇಬ್ರ. ಎಷ್ಟು ಕುಡೀತೀರಿ ಅನ್ನೂದರ ಮ್ಯಾಲ ಐತ್ರಿ” ಎಂದರು. ಆ ಉತ್ತರವನ್ನು ಬರೆದುಕೊಳ್ಳಲು ಅಧಿಕಾರಿಯ ಕಾಗದದಲ್ಲಿ ಜಾಗವಿರಲಿಲ್ಲ. ವರ್ಷದ ಔಷಧವೆಲ್ಲ ಅಂಗಳದ ಮಣ್ಣಿಗೆ ಹೋಯಿತು. ಬೇಲಿಯಾಚೆ ನಿಂತು ನೋಡಿದವರಲ್ಲಿ ಅಜ್ಜನ ಕೈಯಿಂದ ಆ ಎರಡು ಚಮಚ ಕುಡಿದು ಎದ್ದವರೇ ಹೆಚ್ಚು.

1951ರಲ್ಲಿ ಸುಪ್ರೀಂ ಕೋರ್ಟು, ಮುಂಬಯಿಯ ಬಾಲ್ಸಾರಾ ಎಂಬವರು ಹೂಡಿದ ಮೊಕದ್ದಮೆಯಲ್ಲಿ, ಮದ್ಯಾಂಶವಿರುವ ಔಷಧಗಳನ್ನೂ ತಡೆಯುವ ಆ ಕಾಯದೆಯ ಭಾಗಗಳು ಸಿಂಧುವಲ್ಲವೆಂದು ತೀರ್ಪಿತ್ತಿತು. ಬಾಗಲಕೋಟೆಯಿಂದ ಬಂದ ವಕೀಲರೊಬ್ಬರು ಅದನ್ನು ಓದಿ ಹೇಳಿದರು. ಅಜ್ಜ ಕೇಳಿದರು, “ಕಾಗದ ಬಂತಂತ ಮಂದಿ ನೋಟ ಬದಲಾಗ್ತದೇನ್ರಿ?” ಎಂದರು, ಮತ್ತೆ ಅರಿಷ್ಟಕ್ಕೆ ಕೈಹಾಕಲಿಲ್ಲ. ಧಾತಕಿಯ ಹೂವನ್ನು ಎಷ್ಟು ಹಾಕಬೇಕು, ಹುದುಗು ಮುಗಿದುದನ್ನು ಭರಣಿಗೆ ಕಿವಿಗೊಟ್ಟು ಹೇಗೆ ತಿಳಿಯಬೇಕು ಎಂಬುದನ್ನು ನನ್ನ ತಂದೆ ಅವರಿಂದ ಕಲಿಯಲಿಲ್ಲ. 2007ರಲ್ಲಿ ನಮ್ಮ ಸರ್ಕಾರವೇ ವೈನ್ ನೀತಿಯನ್ನು ಪ್ರಕಟಿಸಿ ಕೃಷ್ಣಾ ಕಣಿವೆಯ ದ್ರಾಕ್ಷಿಯನ್ನು ಅದಕ್ಕೆ ಹೆಸರಿಸಿದಾಗ, ಕಲಿಸಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಬೇವಿನ ಗಡಿಗೆಯನ್ನು ಮಾತ್ರ ಯಾವ ಕಾಯದೆಯೂ ಮುಟ್ಟಲಿಲ್ಲ. ಭರಣಿ ಚೆಲ್ಲಿದ ಮರುವರ್ಷದ ಯುಗಾದಿಯ ಸಂಜೆ ಬೇಲಿಯಾಚೆ ನಿಂತಿದ್ದವರೂ ಕರೆಗೆ ಬಂದರು. ಅಜ್ಜ ಎಲ್ಲರ ಬಟ್ಟಲಿಗೂ ತಾವೇ ಬಡಿಸಿದರು. ಹೂವನ್ನು ಆ ಸಲ ಸ್ವಲ್ಪ ಹೆಚ್ಚಾಗಿಯೇ ಹಾಕಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಭರಣಿ ಈಗಲೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಮಾವಿನ ಉಪ್ಪಿನಕಾಯಿ ಹಾಕುತ್ತೇವೆ.